ಗುರುವಾರದ ಗೈರುಹಾಜರಿ

ಹೋದ ಸೋಮವಾರ ನಮ್ಮ ಮನೆಯ ಪಡಸಾಲೆಯ ಫ್ಯಾನು ಸುಟ್ಟುಹೋಯಿತು. ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಫ್ಯಾನು ಸುಟ್ಟುಹೋಗುವುದೆಂದರೆ ಏನೆಂದು ಇಲ್ಲಿ ಒಂದು ಮಧ್ಯಾಹ್ನ ಕಳೆದವರಿಗೆ ಹೇಳಬೇಕಾಗಿಲ್ಲ, ಕಳೆಯದವರಿಗೆ ಹೇಳಿ ಪ್ರಯೋಜನವಿಲ್ಲ. ಹಳೆಯ ಪಂಚೆಯಲ್ಲಿ ಅದನ್ನು ಗಂಟು ಕಟ್ಟಿಕೊಂಡು ಸ್ಟೇಷನ್ ರಸ್ತೆಯ ವೈಂಡಿಂಗ್ ಅಂಗಡಿಗೆ ಹೋದೆ. ಅಂಗಡಿಯಾತ ಯಾರದೋ ಮೋಟಾರಿಗೆ ಹೊಸ ತಂತಿ ಸುತ್ತಿ, ವಾರ್ನಿಷ್ ಹೊಯ್ದು, ಅದು ಒಣಗಲೆಂದು ಮೇಲೊಂದು ದೊಡ್ಡ ಬಲ್ಬು ಉರಿಸಿಟ್ಟಿದ್ದ. "ಅರ್ಧಾ ತಾಸು ಕುಂದರ್ರಿ, ಇದೊಂದು ಮುಗಿಸಿ ನಿಮ್ದು ಬಿಚ್ತೀನಿ" ಅಂದ. ಸ್ಟೂಲಿನ ಮೇಲೆ ಕೂತೆ. ಐದು ನಿಮಿಷವೂ ಕೂಡಲಾಗಲಿಲ್ಲ. ಬಿಸಿ ವಾರ್ನಿಷ್ಷಿನ ಆ ಕಮಟು ವಾಸನೆ ಗಂಟಲಿಗೆ ಹಿಡಿದು, ಎದ್ದು ರಸ್ತೆಗೆ ಬಂದು ಬಿಸಿಲಿನಲ್ಲಿ ನಿಂತುಕೊಂಡೆ.

ವಾರ್ನಿಷ್ ವಾಸನೆಗೆ ಎದ್ದೋಡುವ ಈ ಸುಕುಮಾರ ಯಾರಪ್ಪ ಎಂದು ನೀವು ಕೇಳಬಹುದು. ಹೇಳುತ್ತೇನೆ. ಸ್ವಲ್ಪ ಸುತ್ತಿಬಳಸಿ ಹೇಳುತ್ತೇನೆ, ಏಕೆಂದರೆ ನೇರವಾಗಿ ಹೇಳುವ ಧೈರ್ಯ ನನಗೆ ಬಂದದ್ದೇ ಈ ವಾರ.

ವಯಸ್ಸಾದವರಿಗೆ ಕಸುಬು ಕಲಿಸುವ ಒಂದು ಕೇಂದ್ರದಲ್ಲಿ ನಾನು ನೌಕರ. ಕಲಿಸುವವನಲ್ಲ. ಗೋಡೆಗೆ ಮೊಳೆ ಹೊಡೆಯಲು ಹೋದರೆ ಹೆಬ್ಬೆರಳಿಗೆ ಹೊಡೆದುಕೊಳ್ಳುವ ಕುಲ ನನ್ನದು. ಕಲಿಯಲು ಬಂದವರು ನಡುವೆ ಬಿಟ್ಟು ಹೋಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಬಾಗಿಲ ಮೇಲಿನ ಬೋರ್ಡಿನಲ್ಲಿ 'ಆಪ್ತ ಸಮಾಲೋಚಕರು' ಎಂದಿದೆ. ಬೋರ್ಡು ಬರೆದ ಪೇಂಟರು ಜಾಗ ಸಾಲದೆ 'ಆಪ್ತ' ಎಂಬುದನ್ನು ದೊಡ್ಡದಾಗಿಯೂ ಉಳಿದದ್ದನ್ನು ಇರುವೆ ಸಾಲಿನಂತೆ ಅದರ ಕೆಳಗೂ ಬರೆದ. ಅಂದಿನಿಂದ ಕೇಂದ್ರದವರೆಲ್ಲ ನನ್ನನ್ನು 'ಆಪ್ತರು' ಎನ್ನುತ್ತಾರೆ. ನನಗೂ ಒಳಗೊಳಗೆ ಅದು ಇಷ್ಟವೇ ಇತ್ತು.

ಇಪ್ಪತ್ತರ ಹುಡುಗರಿಗೆ ಕಲಿಸುವುದು ಬೇರೆ. ನಲವತ್ತರವರು ಬೆಂಚಿನ ಮೇಲೆ ಬಂದು ಕೂತರೆ ಅವರ ಜೊತೆ ಇಡೀ ಮನೆಯೇ ಬಂದು ಕೂತಿರುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ಅರ್ಧ ತರಗತಿ ಖಾಲಿ. ಅತ್ತೆಗೆ ಜ್ವರ ಬಂದರೆ ಹೊಲಿಗೆ ವಿಭಾಗದಲ್ಲಿ ಎರಡು ಯಂತ್ರ ಸುಮ್ಮನೆ. ಹೆಂಗಸರ ಪಾಯಖಾನೆಗೆ ಚಿಲಕ ಇಲ್ಲವೆಂಬ ಕಾರಣಕ್ಕೆ ಮೂರು ಜನ ಕಲಿಕೆ ಬಿಟ್ಟು ಹೋದರು, ಆ ಕಾರಣ ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಯಾರು ತಾನೇ ಬಾಯಿ ಬಿಟ್ಟು ಹೇಳುತ್ತಾರೆ? ಗೊತ್ತಾದ ದಿನವೇ ಪೇಟೆಯಿಂದ ಚಿಲಕ ತಂದು, ಬಡಿಗತನದ ತರಗತಿಯವರಿಂದ ಹಾಕಿಸಿದೆ. ಹತ್ತಿರದ್ದು ಕಾಣದೆ ಸೂಜಿಗೆ ದಾರ ಪೋಣಿಸಲಾರದವರಿಗೆ ಕನ್ನಡಕ ಮಾಡಿಸಿಕೊಟ್ಟೆ. ಮೊಲೆಹಾಲು ಕುಡಿಯುವ ಕೂಸಿನ ತಾಯಂದಿರಿಗೆ ಸ್ಟೋರ್ ರೂಮು ಖಾಲಿ ಮಾಡಿಸಿ ತೊಟ್ಟಿಲು ಕಟ್ಟಿಸಿದೆ. ಇವನ್ನೆಲ್ಲ ಹೇಳಿಕೊಳ್ಳುವುದು ಏಕೆಂದರೆ, ನಾನು ಕೆಟ್ಟವನಲ್ಲ ಎಂದು ನೀವು ಮೊದಲೇ ನಂಬಲಿ ಎಂಬ ಆಸೆಯಿಂದ. ಮುಂದೆ ನಿಮ್ಮ ಇಷ್ಟ.

ಒಂದು ನಿಯಮವನ್ನೂ ನಾನೇ ಮಾಡಿದ್ದೆ. ಯಾರಾದರೂ ಸತತ ಮೂರು ದಿನ ಬಾರದಿದ್ದರೆ, ಮೂರನೆಯ ದಿನವೇ ಮನೆಗೆ ಫೋನು ಮಾಡಿ ವಿಚಾರಿಸಬೇಕು. ಅದಕ್ಕಾಗಿ ಸೇರುವಾಗಿನ ಅರ್ಜಿಯಲ್ಲಿ 'ಮನೆಯ ಯಜಮಾನರ ದೂರವಾಣಿ' ಎಂಬ ಕಾಲಮ್ಮು ಸೇರಿಸಿದ್ದೆ. ಹಾಜರಿಗೆ ನೀಲಿ, ಗೈರುಹಾಜರಿಗೆ ಕೆಂಪು, ಮನೆಗೆ ಫೋನು ಮಾಡಿದ್ದಕ್ಕೆ ಹಸಿರು ಶಾಯಿ. ಈ ಚಟ ನನಗೆ ಹುಟ್ಟಿನಿಂದ ಬಂದದ್ದು. ಮಾನ್ವಿಯಲ್ಲಿ ಶಾಲಾ ಮಾಸ್ತರರಾಗಿದ್ದ ನಮ್ಮ ತಂದೆ ಏಕಾದಶಿಯ ಮರುದಿನ ಬೆಳಿಗ್ಗೆ ಒಂದು ಕೈಯಲ್ಲಿ ಪಂಚಾಂಗ ಹಿಡಿದು, ಕಣ್ಣು ಗಡಿಯಾರದ ಮೇಲಿಟ್ಟು ಎಲೆಯ ಮುಂದೆ ಕೂತಿರುತ್ತಿದ್ದರು. ಪಾರಣೆಯ ಗಳಿಗೆ ಬಾರದೆ ತುತ್ತು ಎತ್ತುವಂತಿಲ್ಲ. ನಾವು ಮಕ್ಕಳು ಅನ್ನದ ಹಬೆ ನೋಡುತ್ತ ಪಕ್ಕದಲ್ಲಿ ಸಾಲಾಗಿ ಕೂತಿರುತ್ತಿದ್ದೆವು. ನಿಯಮ ಪಾಲಿಸಿದರೆ ಸಾಕು, ಒಳ್ಳೆಯದು ತಾನಾಗಿ ಆಗುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ಮಾಳಮ್ಮ ನಮ್ಮ ಕೇಂದ್ರಕ್ಕೆ ಮೊದಲ ಸಲ ಬಂದದ್ದು ಎರಡು ವರ್ಷದ ಹಿಂದೆ. ಮೂವತ್ತೆಂಟರ ಹೆಂಗಸು, ಕಲ್ಲೂರಿನವಳು, ಕುರಿ ಕಾಯುವ ಮನೆತನ. ಗಂಡ ಬೀರಪ್ಪ ವರ್ಷದಲ್ಲಿ ಎಂಟು ತಿಂಗಳು ಕುರಿ ಹಿಂಡಿನೊಂದಿಗೆ ಊರೂರು ತಿರುಗುವವನು. ಬೇಸಿಗೆಯಲ್ಲಿ ಹೊಲದವರು ಗೊಬ್ಬರಕ್ಕಾಗಿ ಹಿಂಡನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ, ಮನೆಯ ಒಂದೇ ಫೋನು ಅವನ ಜೊತೆ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಹೆಂಗಸರೆಲ್ಲ ಹೊಲಿಗೆಗೋ ಬ್ಯೂಟಿ ಪಾರ್ಲರಿಗೋ ಹೆಸರು ಕೊಡುವ ಹೊತ್ತಿನಲ್ಲಿ ಇವಳು ಪಂಪ್‌ಸೆಟ್ ಮೋಟಾರು ವೈಂಡಿಂಗ್ ಬೇಕು ಅಂದಳು. ಏಕೆ ಎಂದು ಕೇಳಿದೆ.

"ಬ್ಯಾಸಿಗ್ಯಾಗ ನಮ್ಮ ಕಡಿ ದಿನಾ ಒಂದು ಮೋಟಾರ್ ಸುಡ್ತದ್ರಿ. ಮಾನ್ವಿಗೆ ಒಯ್ದ್ರ ನಾಕು ದಿನ ಕಾಯ್ಬೇಕು. ಅಲ್ಲೇ ಮಾನ್ವ್ಯಾಗ ಒಂದು ಅಂಗಡಿ ಇಡ್ತೀನ್ರಿ. ಹೆಣ್ಮಗಳು ಮೋಟಾರ್ ರಿಪೇರಿ ಮಾಡ್ತಾಳ ಅಂತ ನೋಡಾಕರ ಮಂದಿ ಬರ್ತಾರ, ಬಂದವ್ರು ಬರಿಗೈಲೆ ಬರ್ತಾರೇನು? ಒಂದು ಕೆಟ್ಟ ಮೋಟಾರ್ ಹಿಡ್ಕೊಂಡ ಬರ್ತಾರ."

ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಇದುವರೆಗೆ ಆ ಕುರ್ಚಿಯಲ್ಲಿ ಕೂತು ಕೇಳಿಲ್ಲ. ಕಲಿಸುವ ಖಾದರ್ ಸಾಹೇಬರು ಮೊದಲ ವಾರ ಮುಖ ಗಂಟಿಕ್ಕಿಕೊಂಡೇ ಇದ್ದರು. ಎರಡನೆಯ ವಾರ ನನ್ನ ಕೋಣೆಗೆ ಬಂದು, "ಆಪ್ತರ, ಆ ಹೆಣ್ಮಗಳ ಕೈಯಾಗ ತಂತಿ ಮಾತ್ ಕೇಳ್ತದ್ರಿ. ಉಣ್ಣಿ ನೂತ ಕೈ ಅದು" ಅಂದರು. ಆರು ತಿಂಗಳು ಕಲಿತು, ಹಾಜರಿ ಸರಿಯಿದ್ದು, ಪರೀಕ್ಷೆ ಪಾಸಾದರೆ ಸರ್ಟಿಫಿಕೇಟೂ ಒಂದು ಪೆಟ್ಟಿಗೆ ಸಲಕರಣೆಯೂ ಸಿಗುತ್ತಿದ್ದವು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮಾಳಮ್ಮನಿಗೆ ಅದು ಬಾಯಿಪಾಠವಾಗಿತ್ತು.

ಆದರೂ ಅವಳು ಗುರುವಾರ ಬರುತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಪ್ರತಿ ಗುರುವಾರ ಅವಳ ಹೆಸರಿನ ಮುಂದೆ ಒಂದು ಕೆಂಪು ಗೆರೆ. ಕೇಳಿದರೆ, "ಗುರುವಾರ ಬರೀ ಓದಾದಿರ್ತದಲ್ರಿ, ಕೈಕೆಲಸ ಇರಂಗಿಲ್ಲ. ಮನ್ಯಾಗ ಒಂದೀಟು ಕೆಲಸ ಅದ" ಅನ್ನುತ್ತಿದ್ದಳು. ವಾರಕ್ಕೊಂದು ದಿನ ತಪ್ಪಿದರೂ ಹಾಜರಿ ಅಂಚಿನ ಮೇಲೆ ನಿಲ್ಲುತ್ತಿತ್ತು. ಅವಳೇ ಲೆಕ್ಕ ಹಾಕಿಕೊಂಡಂತಿತ್ತು, ನಾನೂ ಸುಮ್ಮನಿದ್ದೆ.

ನಾಲ್ಕನೆಯ ತಿಂಗಳಲ್ಲಿ ಒಂದು ವಾರ ಮಂಗಳವಾರ ಬರಲಿಲ್ಲ, ಬುಧವಾರ ಬರಲಿಲ್ಲ, ಗುರುವಾರವಂತೂ ಇಲ್ಲವೇ ಇಲ್ಲ. ಮೂರು ದಿನ ಆಯಿತು. ಅವಳ ತರಗತಿಯವನೊಬ್ಬ, "ಮಾಳವ್ವ ದೇವದುರ್ಗದ ಬಸ್ ಹತ್ತೂದು ನೋಡೀನ್ರಿ, ಹೋದ ವಾರನೂ ಹತ್ತಿದ್ಲು" ಅಂದ. ಬೆಳಿಗ್ಗೆ ಕಲ್ಲೂರಿನಿಂದ ರಾಯಚೂರಿಗೆ ಬಂದು, ಅದೇ ಬಸ್ ನಿಲ್ದಾಣದಲ್ಲಿ ದೇವದುರ್ಗದ ಬಸ್ಸು ಹಿಡಿದು, ಸಂಜೆ ಎಂದಿನ ಹೊತ್ತಿಗೆ ಕಲ್ಲೂರಿಗೆ ಮರಳುತ್ತಿದ್ದಾಳೆ ಎಂದು ನಾನು ಜೋಡಿಸಿಕೊಂಡೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅಡ್ಡಾಡುವುದು ಸುಲಭವಾಗಿತ್ತು. ಇಷ್ಟನ್ನು ಪತ್ತೆ ಹಚ್ಚಿದ್ದಕ್ಕೆ ನನಗೆ ಸಣ್ಣ ಹೆಮ್ಮೆಯೂ ಆಯಿತು. ಶುಕ್ರವಾರದವರೆಗೆ ಕಾದು ಅವಳನ್ನೇ ಕೇಳಬಹುದಿತ್ತು. ನಿಯಮ ಕಾಯಲು ಹೇಳಿರಲಿಲ್ಲ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಅರ್ಜಿಯಲ್ಲಿದ್ದ ಯಜಮಾನರ ನಂಬರಿಗೆ ಫೋನು ಮಾಡಿದೆ.

ಆ ಕಡೆಯಿಂದ ಮೊದಲು ಕುರಿಗಳು ಮಾತಾಡಿದವು, ಆಮೇಲೆ ಬೀರಪ್ಪ.

"ಯಾರ್ರೀ?"

"ರಾಯಚೂರು ಟ್ರೇನಿಂಗ್ ಸೆಂಟರಿನಿಂದ ಮಾತಾಡ್ತೀನಿ. ಮಾಳಮ್ಮ ಮೂರು ದಿನದಿಂದ ಬಂದಿಲ್ಲ, ಆರಾಮ ಇದ್ದಾಳೋ ಇಲ್ಲೋ ಅಂತ ಕೇಳಿದೆ."

"ದಿನಾ ಬರ್ತಾಳಲ್ರೀ. ನಿನ್ನಿ ನಾ ಊರಾಗ ಇದ್ದೆ, ನಿನ್ನಿ ಸುದ್ದಾ ಬಂದಾಳ."

ಅಷ್ಟಕ್ಕೆ ನಿಲ್ಲಿಸಬೇಕಿತ್ತು. 'ಹಾಗಾದರೆ ನನ್ನ ಪುಸ್ತಕದಲ್ಲೇ ತಪ್ಪಾಗಿರಬೇಕು' ಎಂದು ಫೋನು ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನನ್ನ ಪುಸ್ತಕದಲ್ಲಿ ತಪ್ಪೇ?

"ಇಲ್ಲ, ದೇವದುರ್ಗದ ಬಸ್ ಹತ್ತೋದು ನೋಡಿದವರಿದ್ದಾರೆ. ಅಲ್ಲಿ ನಿಮ್ಮ ಸಂಬಂಧಿಕರು ಯಾರಾದ್ರೂ ಇದ್ದಾರೇನು?"

ಅವನು ಹಿಂಡಿನ ಕಡೆ ತಿರುಗಿ ಯಾವುದೋ ಕುರಿಯನ್ನು ಗದರಿಸಿದ್ದು ಕೇಳಿಸಿತು. ಆಮೇಲೆ, "ಛಲೋ ಮಾಡಿದ್ರಿ, ತಿಳಿಸಿದ್ರಿ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹಸಿರು ಶಾಯಿಯ ಪೆನ್ನು ತೆಗೆದು, 'ಮನೆಯವರನ್ನು ಸಂಪರ್ಕಿಸಲಾಗಿದೆ. ಸಹಕಾರ ಉತ್ತಮ' ಎಂದು ಬರೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ತಂದೆ ತರಗತಿಯಲ್ಲಿ ಕಾಪಿ ಬರೆಸುತ್ತಿದ್ದರು. ನಾನು ಅದನ್ನು ದುಂಡಗೆ ಬರೆದು ಶಹಬ್ಬಾಸ್ ಅನ್ನಿಸಿಕೊಂಡವನು.

ಶುಕ್ರವಾರ ಮಾಳಮ್ಮ ಬರಲಿಲ್ಲ. ಮುಂದಿನ ವಾರವಿಡೀ ಬರಲಿಲ್ಲ. ಅದರ ಮುಂದಿನ ಸೋಮವಾರ ನಾನೇ ಕಲ್ಲೂರಿಗೆ ಹೋದೆ.

ಬೀರಪ್ಪ ಹಿಂಡು ಬಿಟ್ಟು ಮನೆಗೆ ಬಂದಿದ್ದ. ಎತ್ತರದ, ಸಣಕಲು ಮನುಷ್ಯ. ನನ್ನನ್ನು ಕಂಡು ಕಟ್ಟೆಯ ಮೇಲೆ ಕಂಬಳಿ ಹಾಸಿದ, ಮಜ್ಜಿಗೆ ತರಿಸಿದ. ಬಯ್ಯುತ್ತಾನೆಂದು ತಯಾರಾಗಿ ಹೋದವನಿಗೆ ಈ ಮರ್ಯಾದೆ ಇನ್ನೂ ಕಷ್ಟವಾಯಿತು. ಅಲ್ಲಿ ಕೂತು ನನಗೆ ವಿಷಯ ತಿಳಿಯಿತು. ಬೀರಪ್ಪನ ತಂಗಿಯನ್ನು ಮಾಳಮ್ಮನ ತಮ್ಮನಿಗೆ ತರುವುದೆಂದು ಮಾತಾಗಿ, ಹುಡುಗಿಗೆ ಹೂ ಮುಡಿಸಿ ಆಗಿತ್ತು. ತಮ್ಮ ಮಾತು ತಪ್ಪಿ ಬೇರೆ ಕಡೆ ಮದುವೆಯಾದ. ತಂಗಿಗೆ ಆಮೇಲೆ ಒಳ್ಳೆಯ ಮನೆಯೇ ಸಿಕ್ಕಿತು, ಆದರೆ ಎರಡೂ ಮನೆಗಳ ನಡುವೆ ಹೋಗಿಬರುವುದು ನಿಂತಿತು. ಗಂಡನ ಮನೆಯವರು ನೀರಮಾನ್ವಿಯ ಎಲ್ಲಮ್ಮನ ಗುಡಿಯಲ್ಲಿ ಮಾಳಮ್ಮನ ಅಂಗೈಗೆ ದೇವಿಯ ಭಂಡಾರ ಹಾಕಿ, ದೇವದುರ್ಗದ ತವರು ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಆಣೆ ಮಾಡಿಸಿದ್ದರು. ಆ ಅರಿಶಿನ ಪುಡಿ ಕೈಯಲ್ಲಿ ಹಿಡಿದು ಆಡಿದ ಮಾತಿಗೆ ಈ ಜನ ಎರಡು ಬಗೆಯುವುದಿಲ್ಲ. ಇದಾಗಿ ಏಳು ವರ್ಷ. ಎರಡು ವರ್ಷದಿಂದ ಈಚೆಗೆ ಅವಳ ತಾಯಿಗೆ ಲಕ್ವಾ ಹೊಡೆದಿತ್ತು.

ಮಾಳಮ್ಮ ಬಾಗಿಲ ಬಳಿ ನಿಂತಿದ್ದಳು. ಗಂಡನ ಎದುರಿಗೇ ನನಗೆ ಹೇಳಿದಳು.

"ನಾ ಹೊಸ್ತಿಲಾ ದಾಟಿಲ್ರಿ ಸರ. ಗುರುವಾರಕ್ಕೊಮ್ಮಿ ಹೋಗ್ತಿದ್ದೆ. ತಮ್ಮ, ಅವನ ಹೇಣ್ತಿ ಇಬ್ರೂ ಹತ್ತಿ ಮಿಲ್ಲಿಗೆ ಹೋಗಿರ್ತಾರ. ಅವ್ವ ಕಂಬಳಿ ಮ್ಯಾಲ ಜರಕೋತ ಬಾಗಲ ತನಕ ಬರ್ತಾಳ. ಆಕಿ ಒಳಗ ಕೂಡ್ತಾಳ, ನಾ ಹೊರಗ ಕೂಡ್ತೀನಿ. ಅಲ್ಲಿಂದನ ತಲಿ ಬಾಚ್ತೀನಿ, ಉಣಿಸ್ತೀನಿ. ಆ ಮೂರು ದಿನ ಆಕಿಗೆ ಜ್ವರ ಇತ್ರಿ. ಆವಾಗೂ ದಾಟಿಲ್ಲ. ಕೈ ಚಾಚಿ ಚಾಚಿ ತಣ್ಣೀರ್ ಬಟ್ಟಿ ಹಾಕೀನಿ."

ನನ್ನೊಳಗಿನ ಮಾಸ್ತರರ ಮಗ ಎದ್ದು ಕೂತ. ಆಣೆ ಇದ್ದದ್ದು ಹೊಸ್ತಿಲು ದಾಟಬಾರದೆಂದು, ಇವಳು ದಾಟಿಲ್ಲ, ಅಂದಮೇಲೆ ಆಣೆ ತಪ್ಪಿಲ್ಲ ಎಂದು ಬೀರಪ್ಪನಿಗೆ ವಕೀಲನಂತೆ ವಾದಿಸಿದೆ. ಅವನು ಕೊನೆಯವರೆಗೆ ಕೇಳಿಸಿಕೊಂಡ.

"ನಿಮ್ಮ ಮಂದಿಗೆ ಅಕ್ಷರ ಸಾಕಾಗ್ತದ್ರಿ" ಅಂದ. "ದೇವಿ ಏನು ಪಟ್ಟಿ ಹಿಡದು ಹೊಸ್ತಿಲಾ ಅಳೀತಾಳೇನು? ಕುರಿಮರಿ ಸಾಯಾಕತ್ತಾವು, ಯಾಕಂತ ತಿಳೀದ ತಿರುಗ್ತಿದ್ದೆ, ಈಗ ತಿಳೀತು. ಆಕಿನ್ನ ನಾ ಹೊಡದಿಲ್ಲ, ಬೈದಿಲ್ಲ, ಕೇಳ್ರಿ ಬೇಕಾರ. ಆದ್ರ ಇನ್ನ ರಾಯಚೂರೂ ಇಲ್ಲ, ದೇವದುರ್ಗನೂ ಇಲ್ಲ. ನೀವು ಫೋನ್ ಮಾಡಿದ್ದು ಪುಣ್ಯ ಬಂತು."

ಪರೀಕ್ಷೆಗೆ ಇನ್ನೂ ಏಳು ವಾರ ಇದೆ, ಈ ವಾರವೇ ಬಂದರೆ ಹಾಜರಿ ಸರಿಪಡಿಸಬಹುದು, ಬೇಕಾದರೆ ಹೆಂಗಸರ ಹಾಸ್ಟೆಲ್ಲಿನಲ್ಲಿ ಇರಲು ವ್ಯವಸ್ಥೆ ಮಾಡುತ್ತೇನೆ ಎಂದೆಲ್ಲ ಹೇಳಿದೆ. ನನ್ನ ಬತ್ತಳಿಕೆಯಲ್ಲಿದ್ದ ಸಹಾಯಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದೆ. ಬೀರಪ್ಪ ತಲೆ ಅಲ್ಲಾಡಿಸುತ್ತಲೇ ಇದ್ದ. ನಾನು ಎದ್ದಾಗ ಮಾಳಮ್ಮ ಹಿಂದೆಯೇ ನಾಲ್ಕು ಹೆಜ್ಜೆ ಬಂದಳು. ಕಲಿಕೆಯ ಬಗ್ಗೆ ಏನಾದರೂ ಕೇಳುತ್ತಾಳೆ ಅಂದುಕೊಂಡೆ.

"ನನ್ನ ಹೆಸರು ಹೊಡದ ಹಾಕ್ರಿ ಸರ, ಹೋಗ್ಲಿ. ನೀವು ಒಮ್ಮಿ ದೇವದುರ್ಗಕ್ಕ ಹೋಗಿ ನಮ್ಮವ್ವಗ ಹೇಳ್ರಿ, ಮಾಳಿ ಇನ್ನ ಬರಂಗಿಲ್ಲ ಅಂತ. ಖರೇನ ಹೇಳ್ರಿ. ಇಲ್ಲಂದ್ರ ಆಕಿ ಪ್ರತಿ ಗುರುವಾರ ಜರಕೋತ ಬಾಗಲಕ ಬಂದು ಕೂಡ್ತಾಳ. ಕಾಯ್ಕೋತ ಕೂಡ್ತಾಳ ಸರ."

ಹೇಳುತ್ತೇನೆ ಅಂದೆ. ಮರುದಿನವೇ ಹೋಗಬೇಕಿತ್ತು. ಆದರೆ ಕೆಲಸದ ದಿನ ಊರು ಬಿಟ್ಟು ಹೋಗಲು ಪ್ರಾಂಶುಪಾಲರ ಸಹಿ ಬೇಕು, ಅವರು ರಜೆಯಲ್ಲಿದ್ದರು. ಭಾನುವಾರ ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ, ನಾನೂ ಕೇಳಿಕೊಂಡಿದ್ದೇನೆ. ಭಾನುವಾರ ಹೋದರೆ ತಮ್ಮ ಮನೆಯಲ್ಲಿರುತ್ತಾನೆ ಎಂಬ ನೆವ ಸಿಕ್ಕಿತು. ಎರಡು ಗುರುವಾರ ಹಾಗೇ ಹೋದವು. ಮೂರನೆಯ ಗುರುವಾರ, ಸಹಿ ಮಾಡಿದ ಕಾಗದ ಜೇಬಿನಲ್ಲಿಟ್ಟುಕೊಂಡು, ಗಬ್ಬೂರಿನ ಮೇಲೆ ಹಾದುಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದೆ.

ದೇವದುರ್ಗದ ಅಂಚಿನ ಒಂದು ಓಣಿ. ಕೇಳಿಕೊಂಡು ಹೋಗುವಷ್ಟರಲ್ಲಿ ದೂರದಿಂದಲೇ ಕಂಡಿತು. ತೆರೆದ ಬಾಗಿಲಿನಲ್ಲಿ, ಹೊಸ್ತಿಲಿನ ಒಳಬದಿಗೆ, ಕಂಬಳಿಯ ಮೇಲೆ ಒಬ್ಬ ಮುದುಕಿ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಮಡಿಲಲ್ಲಿ ಸತ್ತು ಬಿದ್ದಿತ್ತು. ಪಕ್ಕದಲ್ಲಿ ಒಂದು ಹಣಿಗೆ, ಒಂದು ಎಣ್ಣೆ ಸೀಸೆ. ತಲೆ ಬಾಚದೆ ಬಹಳ ದಿನವಾಗಿತ್ತು. ಪಕ್ಕದ ಮನೆಯ ಖಾಜಾಬೀ ಎಂಬ ಹೆಂಗಸು ಅಕ್ಕಿ ಆರಿಸುತ್ತ ತನ್ನ ಕಟ್ಟೆಯ ಮೇಲೆ ಕೂತಿದ್ದಳು.

"ಯಾರದು?" ಮುದುಕಿಯ ಮಾತು ಬಾಯಿಯ ಒಂದೇ ಬದಿಯಿಂದ ಬಂತು.

"ಮಾಳಮ್ಮ ಕಳಿಸ್ಯಾಳ್ರಿ ಯವ್ವಾ."

ಅವಳ ಅರ್ಧ ಮುಖ ನಕ್ಕಿತು. ನನ್ನ ಹಿಂದೆ ಓಣಿಯ ಕಡೆ ಕತ್ತು ಚಾಚಿ ನೋಡಿದಳು. "ಎಲ್ಲದಾಳ? ನೀರ್ ಕುಡ್ಯಾಕ ನಿಂತಾಳೇನು?"

ತಿದ್ದಿ ತೀಡಿದ ವಾಕ್ಯ ನನ್ನ ಬಾಯಲ್ಲಿತ್ತು. ಅದನ್ನು ಹೇಳಿದರೆ ಆ ಅರ್ಧ ಮುಖ ಏನಾಗುತ್ತದೆಂದು ನೋಡಲು ನನಗೆ ಹೆದರಿಕೆಯಾಯಿತು. ಕನಿಕರ ಎಂದು ಅಂದು ನನಗೆ ನಾನೇ ಹೇಳಿಕೊಂಡೆ. ಅದು ಕನಿಕರವಲ್ಲ, ಹೆದರಿಕೆ.

"ಪರೀಕ್ಷಿ ಅದ ಯವ್ವಾ. ಪರೀಕ್ಷಿ ಮುಗಿದ ಮ್ಯಾಲ ಬರ್ತಾಳ."

"ಗುರುವಾರನ ಬರ್ತಾಳಲಾ?"

"ಹೂಂ, ಗುರುವಾರನ."

ಮುದುಕಿ ಖಾಜಾಬೀ ಕಡೆ ತಿರುಗಿದಳು. "ಕೇಳಿದೇನ ಖಾಜಾ, ನನ್ನ ಮಗಳು ಪರೀಕ್ಷಿ ಬರ್ಯಾಕತ್ತಾಳ!" ಅಂದಳು. ನಾನು ಇನ್ನೆರಡು ಮಾತಾಡಿ ಎದ್ದೆ. ಹಣಿಗೆ ಅಲ್ಲೇ ಬಿದ್ದಿತ್ತು, ಖಾಜಾಬೀಗೆ ಒಂದು ಮಾತು ಹೇಳಿದ್ದರೆ ಬಾಚುತ್ತಿದ್ದಳೇನೋ, ಅದೂ ಹೊಳೆಯಲಿಲ್ಲ. ಮುಂದಿನ ತಿಂಗಳು ಮತ್ತೊಮ್ಮೆ ಬಂದು ನಿಧಾನವಾಗಿ ನಿಜ ಹೇಳಿದರಾಯಿತು ಎಂದುಕೊಂಡು ಬಸ್ಸು ಹತ್ತಿದೆ. ಮುಂದಿನ ತಿಂಗಳು ಹೋಗಲಿಲ್ಲ. ಅದರ ಮುಂದಿನ ತಿಂಗಳೂ ಹೋಗಲಿಲ್ಲ.

ಆಮೇಲೊಂದು ಸಂಜೆ ಬೀರಪ್ಪನ ನಂಬರಿನಿಂದ ಫೋನು ಬಂತು. ಈ ಸಲ ಮಾತಾಡಿದವಳು ಮಾಳಮ್ಮ.

"ಸರ, ಅವ್ವ ಹೋದ್ಲಂತ್ರಿ. ಸಂತ್ಯಾಗ ಯಾರೋ ಹೇಳಿದ್ರು. ಮಣ್ಣಿಗಾರ ಹೋಗು ಅಂತ ಇವ್ರೂ ಅಂದ್ರು, ಸುದ್ದಿ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು." ಸ್ವಲ್ಪ ಹೊತ್ತು ಅತ್ತಳು. "ನೀವು ಹೋಗಿ ಹೇಳಿದ್ರಿ ಹೌದಿಲ್ರಿ? ನಾ ಬರಂಗಿಲ್ಲ ಅಂತ?"

"ಹೇಳಿದ್ದೆ" ಅಂದೆ.

"ಏನಂದ್ಲು?"

"ಆಗ್ಲಿ, ಎಲ್ಲಿದ್ರೂ ಆರಾಮಿರ್ಲಿ ಅಂದ್ರು."

"ಹಂಗಂದ್ಲಾ..." ಅಂದಳು. ಆಮೇಲೆ, "ದೊಡ್ಡ ಪುಣ್ಯಾ ಕಟಗೊಂಡ್ರಿ ಸರ" ಅಂದು ಫೋನು ಇಟ್ಟಳು.

ಆ ಭಾನುವಾರ ನಾನು ದೇವದುರ್ಗಕ್ಕೆ ಹೋದೆ. ಈಗ ಯಾರ ಸಹಿಯೂ ಬೇಕಾಗಲಿಲ್ಲ, ನೋಡಿ. ಬಾಗಿಲಿಗೆ ಬೀಗ ಬಿದ್ದಿತ್ತು. ಖಾಜಾಬೀ ನನ್ನನ್ನು ಗುರುತು ಹಿಡಿದು, "ಪರೀಕ್ಷಿ ಮುಗೀತೇನ್ರಿ ಸಾಬ್?" ಎಂದು ಕೇಳಿದಳು. ನಾನು ಬೀಗದ ಕಡೆ ನೋಡಿದೆ. "ಗುರುವಾರ ಬಂತಂದ್ರ ಮುಂಜಾನಿಂದ ಬಾಗಲ್ದಾಗ ಕುಂತಬಿಡ್ತಿತ್ರಿ ಮುದುಕಿ. ಇವತ್ತ್ ಪರೀಕ್ಷಿ ಮುಗದಿರ್ತದ, ಇವತ್ತ್ ಬರ್ತಾಳ ಅಂತಿತ್ತು. ಒಂದು ಗುರುವಾರ ಬಿಟ್ಟಿಲ್ಲ." ಮನೆಗೆ ಬಂದು ಕ್ಯಾಲೆಂಡರಿನ ಮುಂದೆ ನಿಂತು ಎಣಿಸಿದೆ. ಎಣಿಸದೆ ಇರಲು ನನಗೆ ಬರುವುದಿಲ್ಲ.

ಆಮೇಲೆ ನಾನು ಅರ್ಜಿ ಬದಲಾಯಿಸಿದೆ. ಯಜಮಾನರ ದೂರವಾಣಿಯ ಕಾಲಮ್ಮು ತೆಗೆದು, 'ನಿಮ್ಮ ಬಗ್ಗೆ ಯಾರಿಗೆ ತಿಳಿಸಬಹುದು? ಯಾರಿಗೆ ತಿಳಿಸಬಾರದು?' ಎಂದು ಎರಡು ಸಾಲು ಹಾಕಿದೆ. ಬಂದವರನ್ನು ಕೂರಿಸಿಕೊಂಡು, ಪೆನ್ನು ಕೆಳಗಿಟ್ಟು, ಅವರು ಹೇಳುವವರೆಗೆ ಸುಮ್ಮನಿರುತ್ತೇನೆ. ಎಂಥೆಂಥ ಉತ್ತರಗಳು ಬರುತ್ತವೆಂದು ಹೇಳಿದರೆ ನಂಬಲಾರಿರಿ. ಮೇಲಿನವರು ಬಂದು ನೋಡಿ ಮೆಚ್ಚಿದರು, ಬೇರೆ ಕೇಂದ್ರಗಳಿಗೂ ಅದೇ ಅರ್ಜಿ ಹೋಯಿತು. ಮೆಚ್ಚಿಕೆಯ ಪತ್ರವನ್ನು ನಾನು ಬೀರುವಿನಲ್ಲಿ ತಲೆಕೆಳಗಾಗಿ ಇಟ್ಟಿದ್ದೇನೆ.

ಈ ಜನವರಿಯ ಹೊಸ ತಂಡಕ್ಕೆ ಮಾಳಮ್ಮ ಮತ್ತೆ ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಅವ್ವನೇ ಇಲ್ಲದ ಮೇಲೆ ದೇವದುರ್ಗದ ಭಯವೂ ಇಲ್ಲವೆಂದು ಬೀರಪ್ಪನೇ ಬಸ್ಸು ಹತ್ತಿಸಿ ಕಳಿಸಿದ್ದನಂತೆ. ಹೊಸ ಅರ್ಜಿಯ ಆ ಎರಡು ಸಾಲನ್ನು ಓದಿ ಹೇಳಿದೆ. ಅವಳು ನಕ್ಕಳು.

"ಈಗ ಯಾರಿಗಾರ ಹೇಳ್ರಿ ಸರ. ಮುಚ್ಚಿಡಾಕ ಏನುಳದದ?"

ಸಹಿ ಹಾಕಿ, ಏಳುವ ಮೊದಲು ಸೆರಗಿನ ಗಂಟು ಬಿಚ್ಚಿ, ಮೇಜಿನ ಮೇಲೆ ಒಂದು ಹಿಡಿ ಹುರಿದ ಶೇಂಗಾ ಇಟ್ಟಳು. "ನೀವು ಹೋಗಿ ಹೇಳಿ ಬಂದ್ರಿ. ಇಲ್ಲಂದ್ರ ಆಕಿ ಕಾಯ್ಕೋತ ಕಾಯ್ಕೋತ ಹೋಗಿರ್ತಿದ್ಲು. ಅದೊಂದು ನೆನಸ್ಕೊಂಡ ನಾ ಉಣ್ತೀನ್ರಿ, ಮಲಗ್ತೀನಿ."

ಅಂದಿನಿಂದ ನಾಲ್ಕು ತಿಂಗಳು ನಾನು ವಾರ್ನಿಷ್ ವಾಸನೆಯ ಆ ವೈಂಡಿಂಗ್ ವಿಭಾಗದ ಕಡೆ ಸುಳಿಯಲಿಲ್ಲ. ಅವಳು ಮಾತ್ರ ಸೋಮವಾರಕ್ಕೊಮ್ಮೆ ನನ್ನ ಬಾಗಿಲಲ್ಲಿ ನಿಂತು "ಆರಾಮೇನ್ರಿ ಸರ" ಎಂದು ಕೇಳಿ, ರೊಟ್ಟಿಯೋ ಶೇಂಗಾ ಚಟ್ನಿಯೋ ಇಟ್ಟು ಹೋಗುತ್ತಿದ್ದಳು. ನಾನು ಅದನ್ನು ತಿನ್ನುತ್ತಿರಲಿಲ್ಲ, ಬಿಸಾಡುವುದಕ್ಕೂ ಆಗುತ್ತಿರಲಿಲ್ಲ. ಜವಾನನಿಗೆ ಕೊಟ್ಟುಬಿಡುತ್ತಿದ್ದೆ.

ಆ ಸೋಮವಾರ ಸ್ಟೇಷನ್ ರಸ್ತೆಯ ಬಿಸಿಲಿನಲ್ಲಿ ನಿಂತವನು ಫ್ಯಾನನ್ನು ಅಂಗಡಿಯಲ್ಲೇ ಬಿಟ್ಟು ನೇರವಾಗಿ ಕೇಂದ್ರಕ್ಕೆ ಬಂದೆ. ಊಟದ ಹೊತ್ತು. ವಿಭಾಗದಲ್ಲಿ ಮಾಳಮ್ಮ ಒಬ್ಬಳೇ ಇದ್ದಳು, ಒಂದು ಮೋಟಾರಿನ ತೋಡುಗಳಲ್ಲಿ ತಂತಿಯ ಸುರುಳಿ ಕೂರಿಸುತ್ತಿದ್ದಳು. ಎದುರಿನ ಬೆಂಚಿನ ಮೇಲೆ ಕೂತೆ. ಹೇಳಿಬಿಟ್ಟೆ. ಬಸ್ಸಿನಲ್ಲಿ ತಿದ್ದಿದ ವಾಕ್ಯದಿಂದ ಹಿಡಿದು, ಪರೀಕ್ಷೆಯ ಸುಳ್ಳು, ಫೋನಿನಲ್ಲಿ ಕಟ್ಟಿ ಹೇಳಿದ ತಾಯಿಯ ಮಾತು, ಖಾಜಾಬೀ ಹೇಳಿದ್ದು, ಎಲ್ಲವನ್ನೂ. ಹೇಳುವುದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಿಲ್ಲ. ಅವಳ ಒಂದೇ ಸಮಾಧಾನವನ್ನು ಕಿತ್ತುಕೊಂಡು ನನ್ನ ಎದೆಯನ್ನು ಹಗುರ ಮಾಡಿಕೊಂಡೆ ಎಂದು ನೀವು ಅಂದರೆ, ಇಲ್ಲ ಅನ್ನಲಾರೆ. ಆದರೆ ಆ ರೊಟ್ಟಿಯ ಗಂಟನ್ನು ಇನ್ನೊಂದು ಸೋಮವಾರ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ.

"ಎಷ್ಟ್ ಗುರುವಾರ?" ಅಂದಳು.

"ನಾನು ಹೋಗೋಕಿಂತ ಮೊದಲು ಮೂರು. ಹೋಗಿ ಬಂದ ಮೇಲೆ ಹನ್ನೊಂದು."

ಅವಳು ಅದನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು. ಹೊರಗೆ ನಲ್ಲಿಯಲ್ಲಿ ಯಾರೋ ತಟ್ಟೆ ತೊಳೆಯುತ್ತಿದ್ದರು. ಆಮೇಲೆ ಮಾಳಮ್ಮ ಬಹಳ ಮೆಲ್ಲಗೆ, ಮೊದಲಿನದೇ ಮರ್ಯಾದೆಯಲ್ಲಿ ಹೇಳಿದಳು:

"ನೀವು ಇನ್ನ ನನ್ನ ಮುಂದ ಬರಬ್ಯಾಡ್ರಿ ಸರ. ಕಲಿಯೂದು ನಾ ಬಿಡಂಗಿಲ್ಲ."

ನಾನು ಎದ್ದು ಬಂದೆ. ಮರುದಿನ ಅವಳು ಬಂದಳು. ಬುಧವಾರ ಬಂದಳು, ಗುರುವಾರವೂ ಬಂದಳು. ನನ್ನ ಕೋಣೆ ಮುಂಬಾಗಿಲಿಗೆ ಹತ್ತಿಕೊಂಡಿರುವುದರಿಂದ, ಬಿಸಿಲಿನಲ್ಲಿ ಇಡೀ ಕಟ್ಟಡವನ್ನು ಬಳಸಿಕೊಂಡು ಹೋಗಿ ಹಿಂದಿನ ಬಾಗಿಲಿನಿಂದ ಒಳಗೆ ಹೋಗುತ್ತಾಳೆ. ಕಿಟಕಿಯಿಂದ ಅವಳು ಹೋಗುವುದು ಕಾಣುತ್ತದೆ. ನಾನು ಹಾಜರಿ ಪುಸ್ತಕ ತೆರೆದು ಅವಳ ಹೆಸರಿನ ಮುಂದೆ ನೀಲಿ ಗೆರೆ ಎಳೆಯುತ್ತೇನೆ. ಈಗ ನಾನು ಅವಳಿಗೆ ಮಾಡಬಹುದಾದ ಸಹಾಯ ಇಷ್ಟೇ ಉಳಿದಿದೆ.